ಹೂವು ನಿಮಗೆ, ಬೇರು ನನಗೆ

ಹೋದ ಭಾನುವಾರ ಕುಕ್ಕರ್ ಕೂಗಿದ್ದು ಕೇಳಿ, ಬೇಳೆ ಬೇಯುತ್ತಿದೆ ಅಂದುಕೊಂಡು ಅಡುಗೆಮನೆಗೆ ಹೋದರೆ ಮೂಗಿಗೆ ಬಡಿದದ್ದು ಮಣ್ಣಿನ ವಾಸನೆ. ಮೊದಲ ಮಳೆಗೆ ಏಳುವ ಹಿತವಾದ ವಾಸನೆಯಲ್ಲ. ಬೆಂದ ಮಣ್ಣಿನದು, ತಳ ಹಿಡಿದ ಬೀಟ್‌ರೂಟ್ ಪಲ್ಯಕ್ಕೆ ಹತ್ತಿರದ ಒಂದು ಘಾಟು. ಮಗಳು ಬಾಲ್ಕನಿಯ ಕುಂಡಗಳಿಗೆಂದು ತಂದ ಮಣ್ಣನ್ನು ಹಳೆಯ ಕುಕ್ಕರಿನಲ್ಲಿಟ್ಟು ಬೇಯಿಸುತ್ತಿದ್ದಳು. “ಬೈಬೇಡಮ್ಮ, ಮಣ್ಣಲ್ಲಿರೋ ಹುಳ ಎಲ್ಲ ಸಾಯ್ಲಿ ಅಂತ. ವಿಡಿಯೋದಲ್ಲಿ ಹೇಳಿದ್ರು” ಎಂದು ಮೊದಲೇ ಶರಣಾದಳು. ಬೈಯುವ ಮಾತೆಲ್ಲಿ ಬಂತು! ನಾನು ಒಲೆಯ ಪಕ್ಕ ನಿಂತು ಆ ಹಬೆಯನ್ನು ಎದೆ ತುಂಬ ಎಳೆದುಕೊಳ್ಳುತ್ತಿದ್ದೆ. ಈ ವಾಸನೆ ನನಗೆ ಗೊತ್ತು... ತೊಂಬತ್ತರ ದಶಕದ್ದು, ಬಸವನಗುಡಿಯ ನಮ್ಮ ವಠಾರದ ಬಚ್ಚಲುಮನೆಯದು, ನಮ್ಮ ಬಾಟನಿ ಮೇಡಂ ಬೇಯಿಸಿದ್ದು.

ಆಗ ನಾನು ಮದುವೆಯಾಗಿ ಆ ವಠಾರಕ್ಕೆ ಬಂದ ಹೊಸದು. ಎದುರುಬದುರು ಮನೆಗಳು, ನಡುವೆ ಚಪ್ಪಡಿ ಹಾಸಿದ ಅಂಗಳ, ಬಟ್ಟೆ ಒಣಹಾಕಲು ಎಲ್ಲರಿಗೂ ಸೇರಿ ಒಂದೇ ತಾರಸಿ. ನಮ್ಮ ಪಕ್ಕದ ಮನೆಯಲ್ಲಿ ಮೇಡಂ ತಮ್ಮ ತಾಯಿಯ ಜೊತೆ ಇದ್ದರು. ಹತ್ತಿರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಾಟನಿ ಪಾಠ ಮಾಡುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಉಗುರುಗಳ ಸಂದಿಯಲ್ಲಿ ಯಾವಾಗಲೂ ಕೆಮ್ಮಣ್ಣು. ಸಂತೋಷವಾದರೆ ಅದನ್ನು ತಡೆದುಕೊಳ್ಳುವ ಅಭ್ಯಾಸವೇ ಅವರಿಗಿರಲಿಲ್ಲ. ತಾರಸಿಯ ಮೇಲಿಂದ ಇಡೀ ವಠಾರಕ್ಕೆ ಕೇಳುವ ಹಾಗೆ, “ಏ ಹುಡುಗಿ, ಬಾರೇ ಇಲ್ಲಿ, ಏನಿದ್ರೂ ಬಿಟ್ಟು ಬಾ!” ಎಂದು ಕೂಗುವರು. ಒಂದು ಮೊಗ್ಗು ಬಿರಿದಿರುತ್ತಿತ್ತು, ಅಷ್ಟೆ. ನಾನು ಎರಡೆರಡು ಮೆಟ್ಟಿಲು ಹಾರಿ ಓಡುತ್ತಿದ್ದೆ, ಅತ್ತೆ ಹಿಂದಿನಿಂದ ಗೊಣಗುತ್ತಿದ್ದರು.

ಮೇಡಂಗೆ ಒಂದೇ ಆಸೆ ಬಾಕಿ ಉಳಿದಿತ್ತು, ಪಿಎಚ್‌ಡಿ. ತಂದೆಯ ಕಾಯಿಲೆ, ತಂಗಿಯರ ಮದುವೆ, ತಾಯಿಯ ಆಪರೇಷನ್ ಎಂದು ವರ್ಷಗಳು ಹೋಗಿಬಿಟ್ಟಿದ್ದವು. ವಿಶ್ವವಿದ್ಯಾಲಯ ಗಡುವನ್ನು ಮತ್ತೆ ಮತ್ತೆ ಮುಂದೂಡಿ, ಇದೇ ಕೊನೆಯದು ಎಂದು ಹೇಳಿಬಿಟ್ಟಿತ್ತು. ಆ ವರ್ಷ ಪ್ರಯೋಗ ಮುಗಿಯದಿದ್ದರೆ ಅವರ ರಿಜಿಸ್ಟ್ರೇಷನ್ ರದ್ದು. ಕಾಲೇಜಿನಲ್ಲಿ ಗಿಡ ಬೆಳೆಸಲು ಜಾಗವಿರಲಿಲ್ಲ, ಹಾಗಾಗಿ ವಠಾರದ ತಾರಸಿಯೇ ಪ್ರಯೋಗಶಾಲೆಯಾಯಿತು.

ವಿಷಯವೇನು ಎಂದು ನಾನು ಕೇಳಿದ ದಿನ ಅವರು ಬಿಡಿಸುತ್ತಿದ್ದ ಅವರೆಕಾಯಿಯನ್ನು ಪಕ್ಕಕ್ಕೆ ತಳ್ಳಿ ಪಾಠ ಶುರು ಮಾಡಿದರು. ನಮ್ಮ ಕೆಂಪು ಮಣ್ಣಿನಲ್ಲಿ ರಂಜಕ, ಅದೇ ಫಾಸ್ಫರಸ್, ಇರುತ್ತದೆ. ಆದರೆ ಅದು ಮಣ್ಣಿನ ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿಕೊಂಡು ಕೂತುಬಿಡುತ್ತದೆ, ನೀರಿನ ಜೊತೆ ಹರಿದು ಬರುವುದಿಲ್ಲ. ಬೇರು ತನ್ನ ಪಕ್ಕದಲ್ಲಿರುವಷ್ಟನ್ನು ಹೀರಿ ಖಾಲಿ ಮಾಡಿ ಹಸಿದುಕೊಂಡಿರುತ್ತದೆ. ಆಗ ಒಂದು ಜಾತಿಯ ಶಿಲೀಂಧ್ರ ಬೇರಿನೊಳಗೇ ಬಂದು ಮನೆ ಮಾಡಿ, ಹೊರಗೆ ದೂರದೂರಕ್ಕೆ ಕೂದಲಿಗಿಂತ ಸಣ್ಣ ಎಳೆಗಳನ್ನು ಚಾಚಿ, ರಂಜಕವನ್ನು ಹೊತ್ತು ತಂದು ಗಿಡಕ್ಕೆ ಕೊಡುತ್ತದೆ. ಗಿಡ ಪ್ರತಿಯಾಗಿ ತಾನು ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಕೊಡುತ್ತದೆ. “ನಾವು ಎದ್ರುಮನೆಗೆ ಕಾಫಿಪುಡಿ ಕೊಟ್ಟು ಸಕ್ರೆ ಇಸ್ಕೊಳ್ಳಲ್ವೇನೇ, ಹಾಗೆ!” ಎಂದರು. ಅವರ ಕಣ್ಣು ಹೊಳೆಯುತ್ತಿತ್ತು. ಬಿ.ಎ. ಓದಿದ್ದ ನನಗೂ ಮೈ ಝುಮ್ಮೆಂದಿತು. ಅತ್ತೆ ಮಾತ್ರ, “ಉಪ್ಪಿನಕಾಯಿಗೆ ಬೂಷ್ಟು ಬಂದ್ರೆ ನಾವು ಎಸೀತೀವಿ, ಇವ್ರು ಬೂಷ್ಟು ಸಾಕ್ತಾರಂತೆ” ಎಂದು ನಕ್ಕರು.

ಮೊದಲು ಮಣ್ಣನ್ನು ಬೇಯಿಸಬೇಕಿತ್ತು. ಮಣ್ಣಿನಲ್ಲಿ ಮೊದಲಿನಿಂದಲೇ ಇರುವ ಶಿಲೀಂಧ್ರವೆಲ್ಲ, ಕೆಟ್ಟದ್ದರ ಜೊತೆ ಒಳ್ಳೆಯದೂ, ಸತ್ತರೆ ತಾನೇ ಆಮೇಲೆ ಹಾಕಿದ್ದರ ಫಲ ಗೊತ್ತಾಗುವುದು? ಮೇಡಂ ಮನೆಯ ದೊಡ್ಡ ಇಡ್ಲಿ ಪಾತ್ರೆ ಮಣ್ಣಿನ ಪಾಲಾಯಿತು. ಬಚ್ಚಲೊಲೆಗೆ ತೆಂಗಿನ ಗರಿ ತುರುಕಿ ಕಂತುಕಂತಾಗಿ ಮಣ್ಣು ಬೇಯಿಸಿದೆವು. ಸ್ನಾನ ಮಾಡಿ ಬಂದವರ ಮೈಯೆಲ್ಲ ಅದೇ ವಾಸನೆ. ಆ ಮಣ್ಣು ತುಂಬಿದ ಕುಂಡಗಳನ್ನು ತಾರಸಿಯಲ್ಲಿ ಎರಡು ಸಾಲು ಜೋಡಿಸಿ ಚೆಂಡುಹೂವಿನ ಸಸಿ ನೆಟ್ಟರು. ಕೆಂಪು ಬಣ್ಣ ಬಳಿದ ಕುಂಡಗಳಿಗೆ ಶಿಲೀಂಧ್ರ ಬೆರೆಸಿದ್ದರು, ಬಿಳಿ ಬಣ್ಣದವಕ್ಕೆ ಇಲ್ಲ. ಯಾವುದಕ್ಕೂ ಗೊಬ್ಬರವಿಲ್ಲ.

ವಠಾರದಲ್ಲಿ ಒಂದು ರೂಢಿ ಇತ್ತು. ಅಕ್ಕಿ ತೊಳೆದ ನೀರನ್ನು ಯಾರೂ ಮೋರಿಗೆ ಚೆಲ್ಲುತ್ತಿರಲಿಲ್ಲ. ಎದುರಿಗೆ ಯಾರ ಗಿಡ ಸಿಕ್ಕರೂ ಅದರ ಬುಡಕ್ಕೆ ಹೋಗಬೇಕು. ಬಾಡಿದ ಗಿಡವನ್ನು ನೋಡಿಯೂ ನೋಡದ ಹಾಗೆ ಹೋಗುವುದು ಪಾಪವೆಂದೇ ಎಲ್ಲರ ಎಣಿಕೆ. ಆದ್ದರಿಂದ ಮೇಡಂ ಮನೆಮನೆಗೆ ಹೋಗಿ, ಗಿಡಗಳಿಗೆ ಏನನ್ನೂ ಹಾಕಬೇಡಿ, ಪ್ರಯೋಗ ಕೆಟ್ಟುಹೋಗುತ್ತದೆ ಎಂದು ಕೈಮುಗಿದು ಬಂದಿದ್ದರು. ಎಲ್ಲರೂ ಆಗಲಿ ಎಂದರು. ಮುಂಭಾಗದ ಮನೆಯಲ್ಲಿದ್ದ ವಠಾರದ ಓನರ್ ತಾತನಂತೂ ತಾನೇ ಕಾವಲು ಎಂದು ಹೇಳಿಕೊಂಡು ತಿರುಗಿದರು. ಸರ್ಕಾರಿ ಕಚೇರಿಯಿಂದ ರಿಟೈರ್ ಆಗಿದ್ದ ತಾತನಿಗೆ ಗುಲಾಬಿಯ ಹುಚ್ಚು. ಹೂವಿನ ಪ್ರದರ್ಶನದಲ್ಲಿ ಗೆದ್ದ ಕಪ್ಪುಗಳು ಅವರ ಮನೆಯ ಕಿಟಕಿಯಲ್ಲಿ ಬೀದಿಗೆ ಕಾಣುವ ಹಾಗೆ ಇರುತ್ತಿದ್ದವು.

ಶುರುವಿನ ವಾರಗಳಲ್ಲಿ ಕೆಂಪು ಸಾಲಿನ ಸಸಿಗಳೇ ಬಡಕಲಾಗಿದ್ದವು. ನನಗೆ ಗಾಬರಿ. ಮೇಡಂಗೆ ಇಲ್ಲ. ಹೊಸದಾಗಿ ಬಂದ ಶಿಲೀಂಧ್ರ ಮೊದಲು ಕೂತು ಉಣ್ಣುತ್ತದೆ, ದುಡಿಯಲು ಆಮೇಲೆ ಹೊರಡುತ್ತದೆ ಎಂದು ನನ್ನನ್ನೇ ಸಮಾಧಾನ ಮಾಡಿದರು. ಅವರು ಹೇಳಿದ ಹಾಗೇ ಆಯಿತು. ಮಳೆ ಜೋರಾಗುವ ಹೊತ್ತಿಗೆ ಕೆಂಪು ಸಾಲು ಎದ್ದಿತು. ಎದ್ದದ್ದೇನು, ಅರ್ಧ ಸಾಲು ಸೊಂಟದೆತ್ತರ ಬೆಳೆದು ನಿಂತಿತು! ಕಡುಹಸಿರು ಎಲೆ, ಬೆರಳಿನಷ್ಟು ದಪ್ಪ ಕಾಂಡ. ಉಳಿದರ್ಧ ಅಷ್ಟಿಲ್ಲದಿದ್ದರೂ ಬಿಳಿ ಸಾಲಿಗಿಂತ ಎಷ್ಟೋ ವಾಸಿ. ಮೇಡಂ ದಿನಾ ಬೆಳಿಗ್ಗೆ ಸ್ಕೇಲ್ ಹಿಡಿದು ಅಳೆದು, ಕೂಗಿ ನನ್ನನ್ನು ಕರೆದು, ಆ ಎತ್ತರದ ಗಿಡಗಳನ್ನು ಮುಟ್ಟಿಸುತ್ತಿದ್ದರು. ಇನ್ನೇನು ಡಾಕ್ಟರ್ ಮೇಡಂ ಆದರು ಎಂದು ವಠಾರವೆಲ್ಲ ಸಂಭ್ರಮಪಟ್ಟಿತು.

ಆಯುಧಪೂಜೆ ಹತ್ತಿರವಾದಾಗ ಗಿಡಗಳ ತುಂಬ ಹೂವು. ಅಂಥ ಹೊತ್ತಿನಲ್ಲೇ ಮೇಡಂ ಗಿಡಗಳನ್ನು ಬುಡಸಮೇತ ಕಿತ್ತರು. ಬೇರು ನೋಡಬೇಕಾದರೆ ಬೇರೆ ದಾರಿಯಿರಲಿಲ್ಲ. ಹೂಬಿಟ್ಟ ಗಿಡವನ್ನು ಹಬ್ಬದ ಎದುರಿಗೆ ಕೀಳುವುದೇ ಎಂದು ಹೆಂಗಸರೆಲ್ಲ ಕೆನ್ನೆ ಬಡಿದುಕೊಂಡರು. “ಹೂವು ನಿಮಗೆ, ಬೇರು ನನಗೆ. ಎಲ್ರೂ ಬುಟ್ಟಿ ತಂದ್ಬಿಡಿ!” ಎಂದು ಮೇಡಂ ನಕ್ಕರು. ಬುಟ್ಟಿ ಹಿಡಿದು ಎಲ್ಲರೂ ಹತ್ತಿಬಂದರು.

ಮೇಡಂ ಕಾಲೇಜಿನಿಂದ ಕೇಳಿ ತಂದಿದ್ದ ಮೈಕ್ರೋಸ್ಕೋಪ್ ಅವರ ಮನೆಯ ಕಿಟಕಿಯ ಬಳಿ ಕೂತಿತ್ತು. ಬೇರನ್ನು ತೊಳೆದು, ಕ್ಷಾರದಲ್ಲಿ ಬೇಯಿಸಿ ಬಣ್ಣ ಕಳೆದು, ನೀಲಿ ಬಣ್ಣದಲ್ಲಿ ಅದ್ದಿದರೆ ಒಳಗಿನ ಶಿಲೀಂಧ್ರ ಮಾತ್ರ ನೀಲಿಯಾಗಿ ಕಾಣುತ್ತದೆ. ಕೆಂಪು ಸಾಲಿನ ಗಿಡ್ಡ ಗಿಡದ ಬೇರನ್ನು ಮೊದಲು ನನಗೇ ತೋರಿಸಿದರು. ಆ ಗಳಿಗೆಯನ್ನು ನಾನು ಹೇಗೆ ಹೇಳಲಿ? ಬೇರಿನ ಉದ್ದಕ್ಕೂ ನೀಲಿ ಎಳೆಗಳು ಓಡಾಡಿದ್ದವು, ನಡುನಡುವೆ ಪುಟ್ಟ ಗುಂಡನೆಯ ಚೀಲಗಳು, ಒಂದೊಂದು ಕೋಶದೊಳಗೂ ಕವಲೊಡೆದ ಸಣ್ಣ ಮರ! ಆ ಮರಗಳಲ್ಲೇ ರಂಜಕ ಗಿಡದ ಕೈಸೇರುವುದಂತೆ. ನಾನು ಕಿರುಚಿಯೇಬಿಟ್ಟೆ. ಮೇಡಂ ನನ್ನ ಬೆನ್ನಿಗೆ ಗುದ್ದಿ ಕುಣಿದರು.

ಆಮೇಲೆ ಎತ್ತರದ ಗಿಡದ ಬೇರು ಇಟ್ಟರು. ಏನೂ ಇಲ್ಲ. ಇನ್ನೊಂದು ಇಟ್ಟರು, ಮತ್ತೊಂದು ಇಟ್ಟರು. ಅಲ್ಲೊಂದು ಇಲ್ಲೊಂದು ಹರಿದ ಎಳೆ ಬಿಟ್ಟರೆ ಎಲ್ಲ ಖಾಲಿ. ಮೇಡಂ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದರು. ಶಿಲೀಂಧ್ರವೇ ಇಲ್ಲದ ಗಿಡ ಎಲ್ಲಕ್ಕಿಂತ ಎತ್ತರ ಬೆಳೆದಿದೆ ಎಂದರೆ ಅವರ ವಾದವೇ ಬಿದ್ದುಹೋಯಿತು. ಇನ್ನೊಮ್ಮೆ ಬೆಳೆಯಲು ಕಾಲವಿಲ್ಲ. “ಹೋಯ್ತು ಕಣೇ” ಎಂದರು, ಅಷ್ಟೇ. ಅವರ ತಾಯಿ ಒಳಗಿನಿಂದ ಕಾಫಿ ತಂದು ಹಾಗೇ ನಿಂತುಬಿಟ್ಟರು. ನನಗೆ ಅಳು ಬಂತು...

ಅದೇ ಹೊತ್ತಿಗೆ ಓನರ್ ತಾತ ಹೂವಿನ ಬುಟ್ಟಿ ಹಿಡಿದು ಬಾಗಿಲಲ್ಲಿ ಬಂದು ನಿಂತರು. ಮುಖದ ತುಂಬ ನಗು.

“ಏನಮ್ಮಾ, ಹೇಗಿದೆ ಎತ್ತರದ ಗಿಡಗಳು? ಮೊದ್ಲು ಹೊಟ್ಟೆಗಿಲ್ದೋರ ಥರ ಇದ್ವು. ನಂಗೆ ನೋಡಕ್ಕಾಗ್ಲಿಲ್ಲ. ನನ್ನ ಗುಲಾಬಿಗೆ ಹಾಕೋ ಸೂಪರ್ ಫಾಸ್ಫೇಟ್ ತಂದು ಹಾಕ್ದೆ. ಡಬ್ಬ ಖಾಲಿ ಆಯ್ತು, ಇಲ್ದಿದ್ರೆ ಇಡೀ ಸಾಲಿಗೆ ಹಾಕ್ತಿದ್ದೆ!”

ನನಗೆ ತಾತನನ್ನು ಬುಟ್ಟಿಸಮೇತ ಮೆಟ್ಟಿಲಿಳಿಸುವಷ್ಟು ಸಿಟ್ಟು ಬಂತು. ಬೇಡವೆಂದದ್ದನ್ನು ಮಾಡಿದ್ದಲ್ಲದೆ ಶಹಬ್ಬಾಸ್ ಬೇರೆ ಕೇಳಲು ಬಂದಿದ್ದರು! ಮೇಡಂ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದರು.

“ಯಾವ್ಯಾವ ಕುಂಡಕ್ಕೆ ಹಾಕಿದ್ರಿ ಸಾರ್? ಎಷ್ಟೆಷ್ಟು ಹಾಕಿದ್ರಿ?”

“ಉಪ್ಪಿನಕಾಯಿ ಚಮಚದಲ್ಲಿ ತಲೆ ಸವರಿ, ಕುಂಡಕ್ಕೊಂದು. ಗೊಬ್ಬರ ಹಾಕೋದ್ರಲ್ಲಿ ನಾನು ಹೆಚ್ಚುಕಮ್ಮಿ ಮಾಡೋನಲ್ಲ” ಎಂದರು ತಾತ, ಬೀಗುತ್ತಲೇ.

ಮೇಡಂ ಗಟ್ಟಿಯಾಗಿ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಾತ ಹಾಕಿದ್ದು ರಂಜಕದ ಗೊಬ್ಬರ. ರಂಜಕ ಹೀಗೆ ಕೈಗೇ ಧಾರಾಳವಾಗಿ ಸಿಕ್ಕರೆ ಗಿಡ ಶಿಲೀಂಧ್ರಕ್ಕೆ ಸಕ್ಕರೆ ಕೊಡುವುದನ್ನು ನಿಲ್ಲಿಸುತ್ತದೆ, ಬೇರಿನೊಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಪುಸ್ತಕದಲ್ಲಿ ಓದಿದ್ದ ಆ ಮಾತು ಈಗ ಅವರ ಕಿಟಕಿಯ ಬಳಿಯೇ ಗಾಜಿನ ಮೇಲಿತ್ತು. ಅಕ್ಕಪಕ್ಕದ ಕುಂಡ, ಒಂದೇ ಮಣ್ಣು, ಒಂದೇ ಬಿಸಿಲು. ಒಂದರ ಬೇರು ತುಂಬ ನೀಲಿ ಮರಗಳು, ಇನ್ನೊಂದರದು ಬಣಗುಡುವ ಮನೆ. ಅಂದರೆ ಅವರ ವಾದ ಬಿದ್ದಿರಲಿಲ್ಲ, ಇನ್ನೂ ದೊಡ್ಡದಾಗಿತ್ತು. ತಾತನಿಗೆ ಇದನ್ನೆಲ್ಲ ಬಿಡಿಸಿ ಹೇಳಿದಾಗ, ತಾವು ಪ್ರಯೋಗ ಕೆಡಿಸಿದ್ದಷ್ಟೇ ತಲೆಗೆ ಹೋಗಿ ಅವರ ಮುಖ ಸಣ್ಣದಾಯಿತು. “ಹಾಗಾದ್ರೆ ನನ್ನಿಂದ ನಿಮ್ಮ ಡಾಕ್ಟರೇಟ್‌ಗೆ ಕಲ್ಲು ಬಿತ್ತೇನಮ್ಮಾ?” ಎಂದು ಗೋಡೆ ಹಿಡಿದು ಕೂತರು. ಮೇಡಂ ಅವರ ಕೈಗೆ ಕಾಫಿ ಲೋಟ ಕೊಟ್ಟರು.

ಆದರೂ ತಾತ ಹಾಕಿದ ಗೊಬ್ಬರವನ್ನು ಹಾಗೇ ಪ್ರಬಂಧದಲ್ಲಿ ಸೇರಿಸುವಂತಿರಲಿಲ್ಲ. ಲೆಕ್ಕಾಚಾರದಿಂದ, ಬೇರೆ ಬೇರೆ ಪ್ರಮಾಣದಲ್ಲಿ, ಇನ್ನೊಂದು ಸಲ ಬೆಳೆಯಬೇಕಿತ್ತು. ಮೇಡಂ ಮರುದಿನವೇ ಬೇರಿನ ಸ್ಲೈಡುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಗೈಡ್ ಹತ್ತಿರ ಹೋದರು. ಬಸ್ಸಿನಲ್ಲಿ ಅಲುಗಾಡದಿರಲೆಂದು ನಾನೂ ಜೊತೆಗೆ ಹೋಗಿದ್ದೆ. ಗೈಡ್ ಮೊದಲು ತಲೆಯಾಡಿಸಿ ಆಗುವುದಿಲ್ಲ ಎಂದರು. ಮೇಡಂ ವಾದ ಮಾಡಲಿಲ್ಲ. ಸ್ಲೈಡುಗಳನ್ನು ಮೈಕ್ರೋಸ್ಕೋಪಿನಡಿ ಇಟ್ಟು, ನೋಡಿ ಸಾರ್ ಎಂದರು. ಅವರು ನೋಡಿದರು... ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ನು ತೆಗೆದು, ಇನ್ನೊಂದು ಬೆಳೆಗಾಗುವಷ್ಟು ಕಾಲ ಕೊಡಿ ಎಂದು ತಾವೇ ವಿಶ್ವವಿದ್ಯಾಲಯಕ್ಕೆ ಬರೆದರು. ಒಪ್ಪಿಗೆ ಸಿಕ್ಕಿತೆಂದು ಗೊತ್ತಾದ ದಿನ ಮೇಡಂ ವಿಶ್ವೇಶ್ವರಪುರಂನಿಂದ ಇಡೀ ವಠಾರಕ್ಕೆ ಬಿಸಿಬಿಸಿ ಹೋಳಿಗೆ ತಂದರು.

ಎರಡನೆಯ ಸಲ ಓನರ್ ತಾತ ನಿಜವಾಗಿಯೂ ಕಾವಲು ಕಾದರು. ತಾರಸಿಯ ಮೆಟ್ಟಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂರುವರು. ಬಟ್ಟೆ ಒಣಹಾಕಲು ಹೋಗುವವರ ಕೈಯಲ್ಲಿ ಚೊಂಬಿದೆಯೇ ಎಂದು ತಪಾಸಣೆ. ನನ್ನ ಅತ್ತೆಯ ಅಕ್ಕಿ ತೊಳೆದ ನೀರನ್ನು ವಾಪಸ್ ಕಳಿಸಿ ಜಗಳ ಬೇರೆ. ಅತ್ತೆ, ತಾತ ಮಾತುಬಿಟ್ಟಿದ್ದು ಹೂವು ಅರಳುವವರೆಗೂ ನಡೆಯಿತು.

ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು ಎಂದು ಗೊತ್ತಾದಾಗ ನಾವೆಲ್ಲ ಆಟೋ ಮಾಡಿಕೊಂಡು ಹೋದೆವು. ತಾತ ಕರಿ ಕೋಟು ಹಾಕಿದ್ದರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಇಂಗ್ಲಿಷಿನಲ್ಲಿ ಬಹಳಷ್ಟು ಕೇಳಿ ಕೊನೆಗೆ, ರಂಜಕದ ಪ್ರಮಾಣ ಹೆಚ್ಚಿಸಿ ನೋಡುವ ಯೋಚನೆ ನಿಮಗೆ ಹೇಗೆ ಹೊಳೆಯಿತು ಎಂದರು. ಮೇಡಂ ಒಂದಿಷ್ಟೂ ತಡವರಿಸಲಿಲ್ಲ. ಅದು ನನಗೆ ಹೊಳೆದದ್ದಲ್ಲ, ನಮ್ಮ ಮನೆಯ ಓನರ್‌ಗೆ ಹೊಳೆದದ್ದು, ಅಗೋ ಅಲ್ಲಿ ಕೂತಿದ್ದಾರೆ ಎಂದು ತೋರಿಸಿಬಿಟ್ಟರು. ತಾತ ಎದ್ದು ನಿಂತು ಇಡೀ ಸಭೆಗೆ ನಮಸ್ಕಾರ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ದಿನದಷ್ಟು ಖುಷಿ ನನ್ನ ಮದುವೆಯಲ್ಲೂ ನನಗಾಗಿರಲಿಲ್ಲ, ನಿಜ ಹೇಳುತ್ತೇನೆ.

ತಾತ ಹೋಗಿ ಬಹಳ ಕಾಲವಾಯಿತು. ಮೇಡಂ ರಿಟೈರ್ ಆದ ಮೇಲೆ ಮಲ್ಲೇಶ್ವರದಲ್ಲಿದ್ದ ತಂಗಿಯ ಮನೆಗೆ ಹೋದರು. ಹೋದ ವರ್ಷ ಅವರೂ ಇಲ್ಲವಾದರು. ನನಗೆ ಸುದ್ದಿ ತಿಳಿದದ್ದು ಎಲ್ಲ ಮುಗಿದ ಮೇಲೆ...

ನಿನ್ನೆ ಬೆಳಿಗ್ಗೆ ಬಾಲ್ಕನಿಯಲ್ಲಿ ಹೂವು ಮುಗಿದ ಚೆಂಡುಹೂವಿನ ಗಿಡವೊಂದನ್ನು ಕಿತ್ತೆ. ಬೇರು ತೊಳೆದು, ಬೆಳಕಿಗೆ ಹಿಡಿದು ನೋಡುತ್ತ ನಿಂತೆ. ಬರಿಗಣ್ಣಿಗೆ ಕಾಣುವುದು ಬಿಳಿಯ ಬೇರಷ್ಟೆ. ಒಳಗೆ ಏನು ಹುಡುಕುತ್ತಿದ್ದೇನೆಂದು ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬೇರನ್ನು ಕೈಗೆ ತೆಗೆದುಕೊಂಡು, “ಇದ್ರಲ್ಲೂ ಇದ್ಯಾಮ್ಮ?” ಎಂದು ಕೇಳಿದಳು. ಇರಬಹುದು ಎಂದೆ. ಮೇಡಂ ಆಗಿದ್ದರೆ ಇರಬಹುದು ಎಂದು ಬಿಡುತ್ತಿರಲಿಲ್ಲ, ಆಗಲೇ ಬೇರು ಕತ್ತರಿಸಿ ಬೇಯಲು ಇಡುತ್ತಿದ್ದರು. ನಾನು ಅದನ್ನು ಎಸೆಯಲಾರದೆ ಇನ್ನೂ ಒಂದು ಲೋಟ ನೀರಿನಲ್ಲಿ ಇಟ್ಟುಕೊಂಡಿದ್ದೇನೆ.