ಕಪ್ಪು ಚುಕ್ಕೆಯ ನೊಣಗಳು

ಚಳ್ಳಕೆರೆಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಅಟೆಂಡರ್ ಆಗಿದ್ದೆ. ಎಂಟಕ್ಕೆ ಬೀಗ ತೆಗೆಯುವುದು, ಎಂಟೂಕಾಲಿಗೆ ಕಸ, ಎಂಟೂವರೆಗೆ ನೊಣಗಳಿಗೆ ಊಟ. ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ಕೊಂಡ್ಲಹಳ್ಳಿಯ ಹುಡುಗಿಯೊಬ್ಬಳು ಸಂಶೋಧನೆಗೆಂದು ಬಂದು ಸೇರಿದಳು. ಹಣ್ಣಿನ ಮೇಲೆ ಹಾರಾಡುವ ಪುಟ್ಟ ನೊಣಗಳೇ ಅವಳ ವಿಷಯ.

ಒಂದು ಜಾತಿಯ ಸಣ್ಣ ಕಣಜ ಈ ನೊಣದ ಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತದೆ. ಅದರ ಮರಿ ಹುಳುವನ್ನು ಒಳಗಿನಿಂದಲೇ ತಿಂದು ಮುಗಿಸುತ್ತದೆ. ಕೆಲವು ಹುಳುಗಳು ಮಾತ್ರ ಆ ಮೊಟ್ಟೆಯ ಸುತ್ತ ಕಪ್ಪು ಹೊದಿಕೆ ಕಟ್ಟಿ ಅದನ್ನು ಕೊಲ್ಲುತ್ತವೆ. ಬದುಕಿದ ಹುಳು ನೊಣವಾದಾಗ ಹೊಟ್ಟೆಯಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ಅವಳು ಪ್ರತಿ ಪೀಳಿಗೆಗೂ ಕಣಜ ಬಿಟ್ಟು, ಚುಕ್ಕೆಯವನ್ನಷ್ಟೇ ಆರಿಸಿ, ಎರಡು ವರ್ಷ ಬೆಳೆಸಿದಳು. ಎಡಗಡೆಯ ಆರು ಬಾಟಲಿ ಅವು. ಬಲಗಡೆಯ ಆರರಲ್ಲಿ ಕಣಜವನ್ನೇ ಕಾಣದ ಸಾಮಾನ್ಯ ನೊಣಗಳು.

“ಗೆಲ್ಲೋಕಾಗುತ್ತೆ ಅಂದ್ಮೇಲೆ ಎಲ್ಲಾ ಹುಳಾನೂ ಯಾಕೆ ಗೆಲ್ಲಲ್ಲ ಯಜಮಾನ್ರೇ? ಗೆದ್ದವು ಏನೋ ಕಳ್ಕಂಡಿರ್ಬೇಕು. ಅದೇನು ಅಂತ ಕಾಣ್ತಾನೇ ಇಲ್ಲ,” ಎನ್ನುತ್ತಿದ್ದಳು. ಮೊಟ್ಟೆ, ಹುಳು, ನೊಣ ಯಾವುದನ್ನು ಎಣಿಸಿದರೂ ಎರಡೂ ಕಡೆ ಸರಿಸಮ.

“ಎಂಟೂವರೆ ಆತು, ಸರಿಯವ್ವಾ ಆ ಕಡೆ,” ಎನ್ನುತ್ತಿದ್ದೆ ನಾನು.

“ನಿಮ್ಮ ಗಡಿಯಾರ ನೋಡ್ಕಂಡೇ ನೊಣ ಮೊಟ್ಟೆ ಇಕ್ಕದು ಬಿಡ್ರಿ!”

ಅವಳ ಅವ್ವನಿಗೆ ಕಣ್ಣಿನ ಆಪರೇಷನ್ ಆಯಿತು. ಮೂರು ವಾರ ಊರಲ್ಲಿದ್ದಳು. ಅದೇ ಹೊತ್ತಿಗೆ ನೊಣಗಳ ಊಟಕ್ಕೆ ಬೇಕಾದ ಯೀಸ್ಟ್ ಪಾರ್ಸೆಲ್ ಬರಲಿಲ್ಲ. ಇದ್ದುದನ್ನೇ ಅರ್ಧರ್ಧ ಮಾಡಿದೆ. ನಾನು ಓದಿದ್ದು ಹಾಸ್ಟೆಲಿನಲ್ಲಿ. ಸಾರು ಸಾಲದ ದಿನ ಪಂಕ್ತಿಯ ಮೊದಲಿನವನಿಗೂ ಕೊನೆಯವನಿಗೂ ಅರ್ಧ ಸೌಟು. ನನಗೆ ಗೊತ್ತಿದ್ದ ನ್ಯಾಯ ಅದೊಂದೇ. ಹನ್ನೆರಡು ಬಾಟಲಿಗೂ ಚಮಚವನ್ನು ಚಾಕುವಿನಿಂದ ಸವರಿ ಸಮನಾಗಿ ಹಾಕಿದೆ.

ಅವಳು ಮರಳಿದ ದಿನ ಬಲಗಡೆಯ ನೊಣಗಳು ಸೊರಗಿದ್ದರೂ ಹಾರುತ್ತಿದ್ದವು. ಎಡಗಡೆ ಹಳೆಯವು ಸತ್ತಿದ್ದವು, ಹೊಸವು ಹುಟ್ಟಿರಲಿಲ್ಲ. ಗಾಜಿಗೆ ಒಣಗಿದ ಹುಳುಗಳು ಅಂಟಿದ್ದವು. ಅವಳು ಬಾಟಲಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಳು.

“ಊಟ ಪೂರ್ತಿ ಹಾಕಿದ್ರಿ ಅಲ್ವಾ?”

“ನನ್ನ ಕೆಲ್ಸದಾಗೆ ಯಾವತ್ತಾನ ತಪ್ಪು ಕಂಡೀಯಾ?”

“ಇಲ್ಲರೀ. ತಪ್ಪಾತು, ಕೇಳಬಾರದಿತ್ತು.”

ಹತ್ತಿರದ ಸಂಬಂಧದಲ್ಲೇ ಕೂಡಿಸಿ ಕೂಡಿಸಿ ತಾನೇ ತಳಿ ಕೆಡಿಸಿದೆ ಎಂದು ಅವಳು ತೀರ್ಮಾನಿಸಿದಳು. ತಿಂಗಳಲ್ಲಿ ಸಂಶೋಧನೆ ಬಿಟ್ಟು ಹೋದಳು. ಬಾಟಲಿ ತೊಳೆದವನು ನಾನೇ.

ಅಂದಿನಿಂದ ಮಾರ್ಕೆಟ್ಟಿನ ಬಾಳೆಹಣ್ಣಿನ ಗಾಡಿಯ ಮುಂದೆ ನಾನು ಸುಮ್ಮನೆ ನಿಂತಿದ್ದಿಲ್ಲ. ಕನ್ನಡಕ ಏರಿಸಿ ನೊಣಗಳ ಹೊಟ್ಟೆ ನೋಡುತ್ತೇನೆ. ಗಾಡಿಯವನು, “ಕ್ಯಾ ದೇಖ್ತೇ ಚಾಚಾ, ಹಣ್ಣು ನೋಡ್ರಿ,” ಎನ್ನುತ್ತಾನೆ. ಎಲ್ಲೋ ಒಂದರಲ್ಲಿ ಚುಕ್ಕೆ ಕಂಡಂತಾಗುತ್ತದೆ. ಬೈದಿದ್ದರೆ ಮರೆಯುತ್ತಿದ್ದೆ. ಅವಳು ಕ್ಷಮೆ ಕೇಳಿದ್ದಳು. ಆ ದನಿ ಊಟಕ್ಕೆ ಕೂತಾಗಲೂ ಬಂದು ಪಕ್ಕದಲ್ಲಿ ಕೂರುತ್ತದೆ.

ಈ ವರ್ಷ ಬಸ್ಸು ಹತ್ತಿ ಕೊಂಡ್ಲಹಳ್ಳಿಗೆ ಹೋದೆ. ಅವಳು ಈಗ ಅಲ್ಲೇ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಶಾಲೆಯ ಜಗಲಿಯಲ್ಲಿ ನಿಂತೇ ಎಲ್ಲ ಹೇಳಿದೆ.

“ಎರಡೂ ಕಡೆ ಅರ್ಧನಾ? ಸಮ?”

“ಸಮ. ಕೂದಲೆಳೆ ಹೆಚ್ಚುಕಮ್ಮಿ ಇಲ್ಲ.”

ಅವಳು ಕೈಯಲ್ಲಿದ್ದ ಸೀಮೆಸುಣ್ಣವನ್ನು ಜಗಲಿಯ ಅಂಚಿಗಿಟ್ಟಳು. ಆಮೇಲೆ, “ನಾನು ಹುಡುಕ್ತಿದ್ದಿದ್ದು ಅದೇ ಕಣ್ರೀ,” ಎಂದಳು. “ಗೆದ್ದ ಹುಳಕ್ಕೆ ಮೈ ಕಾಯೋಕೇ ಶಕ್ತಿಯೆಲ್ಲಾ ಹೋಗುತ್ತೆ, ನಿಧಾನಕ್ಕೆ ತಿಂತಾವೆ. ಊಟ ತುಂಬಾ ಇದ್ದಾಗ ಗೊತ್ತಾಗಲ್ಲ. ಕಮ್ಮಿ ಬಿದ್ರೆ, ತಿಂದು ಮುಗ್ಸೋ ಮೊದ್ಲೇ ಊಟ ಒಣಗುತ್ತೆ. ಪಾಪ ಅಂತ ನಾನು ಒಂದ್ ದಿನಾನೂ ಕಮ್ಮಿ ಹಾಕ್ಲಿಲ್ಲ. ಉತ್ತರ ನಿಮ್ಮ ಕೈಯಾಗಿತ್ತು.”

ಚೀಲದಿಂದ ನೋಟ್‌ಬುಕ್ ತೆಗೆದಳು. ಅವಳ ಕೈ ಅವಸರದಲ್ಲಿತ್ತು.

“ಹೇಳ್ರಿ. ಯಾವ ಬಾಟ್ಲಿ ಮೊದ್ಲು ಹೋತು? ಎಷ್ಟನೇ ದಿನ? ಹುಳ ಎಷ್ಟು ದಪ್ಪ ಆಗಿದ್ವು?”

ಹಾಕಿದ ಹೊತ್ತು ಹೇಳಿದೆ, ಅಳತೆ ಹೇಳಿದೆ.

“ಅದಲ್ಲರೀ. ಹುಳ.”

ಮೂರು ವಾರ ದಿನವೂ ಹನ್ನೆರಡು ಮುಚ್ಚಳ ತೆಗೆದಿದ್ದೆ, ಹಾಕಿದ್ದೆ, ಮುಚ್ಚಿದ್ದೆ. ಒಂದು ದಿನವೂ ಒಳಗೆ ನೋಡಿರಲಿಲ್ಲ. ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು.