ನನ್ನ ಪಾಠ ಒಪ್ಪದ ಕಾಶಪ್ಪ ಸರ್

ಹುಮನಾಬಾದ ಬಸ್ ಸ್ಟ್ಯಾಂಡಿನಲ್ಲಿ ಇಳಿದವರನ್ನು ಮಿರ್ಚಿ ಭಜಿಯ ವಾಸನೆ ಸುಮ್ಮನೆ ಮುಂದೆ ಹೋಗಲು ಬಿಡುವುದಿಲ್ಲ. ಅದರ ಬೆನ್ನಿಗೇ ನೆನೆಸಿದ ಮಂಡಕ್ಕಿಯ ಸುಸಲಾದ ಒಗ್ಗರಣೆ ಬರುತ್ತದೆ. ಡಾಕ್ಟರು ನನಗೆ ಎಣ್ಣೆಯ ಪದಾರ್ಥ ಬೇಡವೆಂದು ಕಟ್ಟುನಿಟ್ಟಾಗಿ ಹೇಳಿದ್ದಾರೆ, ನಿಜ. ಆದರೆ ಆ ಮಾತು ಹೇಳುವಾಗ ಅವರು ತಂಪು ಕೋಣೆಯಲ್ಲಿ ಕುಳಿತಿದ್ದರು, ಅದನ್ನು ಪಾಲಿಸಬೇಕಾದ ನಾನೋ ಈ ವಾಸನೆಯ ನಡುವೆ ನಿಂತಿದ್ದೆ. ಮೊನ್ನೆ ಐತವಾರ ಬಸವಕಲ್ಯಾಣದಿಂದ ಬಂದಿಳಿದವನು ಒಂದು ಪ್ಲೇಟು ಸುಸಲಾ ಹೇಳಿ ಬೆಂಚಿನ ಮೇಲೆ ಕುಳಿತೆ. ಮೊದಲ ತುತ್ತಿಗೇ ಕಾಶಪ್ಪ ಸರ್ ನೆನಪಾದರು. ನಾನು ಆ ದಿನ ಹುಮನಾಬಾದಿಗೆ ಬಂದದ್ದೂ ಅವರನ್ನು ಕಾಣುವುದಕ್ಕೇ.

ಕಾಶಪ್ಪ ಸರ್ ನಮ್ಮ ಭಾಗದ ಕಾಲೇಜು ಅಧ್ಯಾಪಕರ ಸಂಘಕ್ಕೆ ಬಹಳ ವರ್ಷ ಕಾರ್ಯದರ್ಶಿಯಾಗಿದ್ದವರು. ಹುಮನಾಬಾದಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಕುಳ್ಳ ಆಳು, ದೊಡ್ಡ ದನಿ. ಅಂಗಿಯ ಜೇಬಿನಲ್ಲಿ ಸದಾ ಒಂದು ಸೀಮೆಸುಣ್ಣದ ತುಂಡು ಇರುತ್ತಿದ್ದುದರಿಂದ ಆ ಜೇಬು ಎಷ್ಟು ಒಗೆದರೂ ಬೆಳ್ಳಗೇ ಕಾಣುತ್ತಿತ್ತು. ಸಂಘದ ಕೆಲಸಕ್ಕೆ ಊರೂರು ತಿರುಗುವಾಗ ಅವರ ಊಟವೆಂದರೆ ಬಸ್ ಸ್ಟ್ಯಾಂಡಿನ ಸುಸಲಾ ಮಿರ್ಚಿಯೇ. ‘ಹಸ್ಕೊಂಡು ಮಾತುಕತಿಗಿ ಹೋಗಬಾರದ್ರಿ. ಹಸದವಾ ಲಗೂ ರಾಜಿ ಆಗ್ತಾನ’ ಎನ್ನುತ್ತಿದ್ದರು. ಅವರಂತೂ ಹಸಿದು ಹೋಗಿ ರಾಜಿಯಾದದ್ದನ್ನು ನಾನು ಕಾಣೆ.

ಇಷ್ಟು ಹೊಗಳುತ್ತಿದ್ದಾನಲ್ಲ, ಅವರ ಆಪ್ತನೇ ಇರಬೇಕು ಎಂದು ನೀವು ತಿಳಿದರೆ, ಅಲ್ಲಿಯೇ ನಿಲ್ಲಿ. ನಾನು ಸಂಘದ ಚುನಾವಣೆಯಲ್ಲಿ ಅವರ ಎದುರು ನಿಂತು ಮಣ್ಣು ಮುಕ್ಕಿದವನು. ನನ್ನದೇ ಒಂದು ವೋಟು ಬಿದ್ದಿತ್ತು ಎಂಬುದು ಖಾತ್ರಿ; ಉಳಿದವು ಯಾರವೆಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ಎಣಿಕೆ ಮುಗಿದ ಮೇಲೆ ಕಾಶಪ್ಪ ಸರ್ ಬಂದು ನನ್ನ ಕೈಕುಲುಕಿ, ‘ಭಾಷಣ ಛಲೋ ಮಾಡಿದ್ರಿ ಬಿಡ್ರಿ’ ಎಂದಿದ್ದರು. ಗೆದ್ದವರು ಹೀಗೆ ಹೇಳಿದರೆ ಎಷ್ಟು ಉರಿಯುತ್ತದೆ ಎಂಬುದು ಸೋತವರಿಗೇ ಗೊತ್ತು.

ಈಗ ನನ್ನ ಪಾಠದ ವಿಷಯ ಹೇಳಬೇಕು, ಏಕೆಂದರೆ ಎಲ್ಲ ರಂಪ ಎದ್ದದ್ದು ಅದರಿಂದ. ನಾನು ಬಸವಕಲ್ಯಾಣದಲ್ಲಿ ಇತಿಹಾಸ ಕಲಿಸುವವನು. ನಿಜಾಮರ ಆಡಳಿತ ಮುಗಿದು ನಮ್ಮ ಸೀಮೆ ಭಾರತಕ್ಕೆ ಸೇರಿದ ವರ್ಷದ ಬಗ್ಗೆ ಪುಸ್ತಕದಲ್ಲಿ ಇರುವುದು ಎರಡು ಪ್ಯಾರಾ. ಊರಿನಲ್ಲಿ ನೋಡಿದರೆ ಮನೆಗೊಂದು ಕಥೆ. ಆ ವರ್ಷದ ಗದ್ದಲದಲ್ಲಿ ಹಿಂದೂ ಮನೆಗಳೂ ತಮ್ಮವರನ್ನು ಕಳೆದುಕೊಂಡಿವೆ, ಮುಸಲ್ಮಾನರ ಮನೆಗಳೂ ಕಳೆದುಕೊಂಡಿವೆ. ಕೆಲವರು ಭಾರತದ ಸೈನ್ಯ ಬರುವ ಮೊದಲು, ಕೆಲವರು ಬಂದ ಮೇಲೆ. ಆದರೆ ಪ್ರತಿ ಮನೆಗೂ ತನ್ನದಷ್ಟೇ ಗೊತ್ತು. ಅದಕ್ಕೆ ನಾನು ಹುಡುಗರಿಗೆ ಮನೆಗೆಲಸ ಕೊಡುತ್ತಿದ್ದೆ: ನಿಮ್ಮ ಮನೆಯ ಹಿರಿಯರನ್ನು ಕೇಳಿ ಬರ್ರಿ, ಆಮೇಲೆ ನಿಮ್ಮದಲ್ಲದ ಧರ್ಮದ ಒಂದು ಮನೆಗೆ ಹೋಗಿ ಅವರನ್ನೂ ಕೇಳಿ ಬರ್ರಿ. ಎರಡನ್ನೂ ಕ್ಲಾಸಿನಲ್ಲಿ ಓದಬೇಕು. ಓದಿ ಮುಗಿಸುವ ತನಕ ಯಾರೂ ಬಾಯಿ ಹಾಕಬಾರದು. ಹುಲಸೂರಿನ ಹುಡುಗರು, ರಾಜೇಶ್ವರದ ಹುಡುಗಿಯರು, ಪರೀಕ್ಷೆಯಲ್ಲಿ ಎರಡು ಸಾಲು ಬರೆಯಲು ತಿಣುಕುವವರು ಕೂಡ ಆ ಮನೆಗೆಲಸಕ್ಕೆ ಪುಟಗಟ್ಟಲೆ ಬರೆದು ತರುತ್ತಿದ್ದರು.

ಹತ್ತು ಹನ್ನೆರಡು ವರ್ಷದ ಹಿಂದೆ ಒಬ್ಬ ಪಾಲಕರು ಆಡಳಿತ ಮಂಡಳಿಗೆ ದೂರು ಕೊಟ್ಟರು. ಈ ಮಾಸ್ತರು ಹಳೇ ಗಾಯ ಕೆದಕುತ್ತಾನೆ, ಸತ್ತವರನ್ನು ತಕ್ಕಡಿಯಲ್ಲಿ ಹಾಕಿ ಸಮ ತೂಗುತ್ತಾನೆ ಎಂಬುದು ಅದರ ಸಾರ. ನಿಮ್ಮನ್ನು ಯಾಕೆ ಕೆಲಸದಿಂದ ತೆಗೆಯಬಾರದು ಎಂದು ನನಗೆ ನೋಟಿಸು ಬಂತು. ಪ್ರಾಂಶುಪಾಲರು ಕೋಣೆಗೆ ಕರೆದು, ‘ತಪ್ಪಾತು, ಇನ್ನ ಮುಂದ ಈ ಪಾಠ ಮಾಡಂಗಿಲ್ಲ ಅಂತ ಬರದು ಕೊಟ್ಟು ಬಿಡ್ರಿ. ಫೈಲ್ ಬಂದ್ ಮಾಡಸ್ತೀನಿ’ ಎಂದರು. ಮನೆಯಲ್ಲಿ ಹೆಂಡತಿ ಎರಡು ದಿನ ಆ ನೋಟಿಸನ್ನು ಮತ್ತೆ ಮತ್ತೆ ತೆಗೆದು ನೋಡಿದಳು. ಮೂರನೆಯ ದಿನ, ‘ಬರದು ಕೊಡ್ರಿ ಅನ್ನಂಗಿಲ್ಲ ನಾ. ಆದ್ರ ನೌಕರಿ ಹ್ವಾದ್ರ ಮುಂದೇನು ಅಂತರ ಹೇಳ್ರಿ’ ಎಂದಳು. ಬರೆದು ಕೊಟ್ಟರೆ ಪಾಠ ಸತ್ತಿತು, ಕೊಡದಿದ್ದರೆ ನೌಕರಿ ಹೋಯಿತು.

ವಿಷಯ ಸಂಘದ ಸಭೆಗೆ ಬಂತು. ಅಲ್ಲಿ ಕೆಲವರಿಗೆ ಒಳಗೊಳಗೇ ಖುಷಿ. ಒಬ್ಬರಂತೂ ನನ್ನ ಎದುರಿಗೇ, ‘ಇವ್ರು ನಮ್ಮ ವಿರುದ್ಧ ನಿಂತವ್ರು. ಇವ್ರ ಸಲುವಾಗಿ ಸಂಘ ಯಾಕ ಹೈರಾಣ ಆಗಬೇಕು?’ ಎಂದುಬಿಟ್ಟರು. ನಾನು ಮುಖ ಕೆಳಗೆ ಹಾಕಿ ಕುಳಿತೆ. ಕಾಶಪ್ಪ ಸರ್ ಟೇಬಲ್ಲು ಬಡಿದರು.

‘ನನಗ ವೋಟ್ ಹಾಕದವ್ರ ಕೆಲಸಾ ಮಾಡಬಾರದು ಅಂದ್ರ ಇದು ಸಂಘ ಹ್ಯಾಂಗಾತ್ರಿ? ನಮ್ಮ ಬೀಗರ ಬಳಗ ಆತು. ಇವ್ರ ಪರವಾಗಿ ನಾನೇ ಹೋಗ್ತೀನಿ.’

ಹೊರಗೆ ಬಂದ ಮೇಲೆ ಕೃತಜ್ಞತೆ ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು. ‘ಮೊದಲೇ ಹೇಳ್ತೀನಿ ಕೇಳ್ರಿ. ಕಿವಿಗಿ ಬಿದ್ದಷ್ಟರ ಮ್ಯಾಲ ನಿಮ್ಮ ಪಾಠ ನನಗ ಸೇರಿಲ್ಲ. ಐತವಾರ ಬರ್ತೀನಿ. ಪಾಠ ಮಾಡ್ರಿ, ಕುಂತು ಕೇಳ್ತೀನಿ.’

ಇದು ಅವರ ಪದ್ಧತಿ. ಯಾರ ಪಾಠದ ಮೇಲೆ ತಕರಾರು ಬಂದರೂ ಆ ಪಾಠವನ್ನು ತಾವು ಪೂರ್ತಿ ಕೇಳದೆ ವಾದಕ್ಕೆ ಹೋಗುತ್ತಿರಲಿಲ್ಲ. ಹಿಂದೊಮ್ಮೆ ಪ್ರಾಣಿಶಾಸ್ತ್ರದ ಮೇಡಂ ಒಬ್ಬರು ಮಂಗನಿಂದ ಮಾನವನ ಪಾಠ ಮಾಡಿ ಫಜೀತಿಗೆ ಸಿಕ್ಕಾಗ ಅದನ್ನೂ ಹೀಗೇ ಕೇಳಿದ್ದರಂತೆ. ಆಮೇಲೆ ಬಹಳ ದಿನ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರಿಗೆಲ್ಲ ಅದನ್ನೇ ಪಾಠ ಮಾಡುತ್ತ ಬಂದರು ಎಂದು ಅವರ ಸಹೋದ್ಯೋಗಿಗಳು ನಗುತ್ತಿದ್ದರು.

ಐತವಾರ ಬಂದರು. ಖಾಲಿ ಕ್ಲಾಸಿನಲ್ಲಿ ಹುಡುಗರ ಬೆಂಚಿನ ಮೇಲೆ ಕುಳಿತರು. ನನಗೋ ನಾಚಿಕೆ. ಒಬ್ಬರೇ ಒಬ್ಬರನ್ನು ಕೂರಿಸಿಕೊಂಡು, ಅದೂ ನನಗಿಂತ ಹಿರಿಯರನ್ನು, ಪಾಠ ಮಾಡುವುದು ಹೇಗೆ? ‘ಹಾಜರಿ ತಗೋರಿ ಮೊದಲ’ ಎಂದರು. ‘ಕಾಶಪ್ಪ’ ಎಂದೆ. ‘ಹಾಜರ್ ಸರ್’ ಎಂದು ಎದ್ದು ನಿಂತರು. ಇಬ್ಬರೂ ನಕ್ಕೆವು.

ಪಾಠ ಮಾಡಿದೆ. ಹುಡುಗರು ಹಿಂದಿನ ವರ್ಷಗಳಲ್ಲಿ ಬರೆದದ್ದರಲ್ಲಿ ಕೆಲವನ್ನು ಓದಿದೆ, ಎರಡೂ ಕಡೆಯವು. ಓದುತ್ತ ಹೋದಂತೆ ಅವರ ಮುಖ ಬಿಗಿಯಿತು. ಮುಗಿಯುವ ತನಕ ಪಿಟ್ಟೆನ್ನಲಿಲ್ಲ. ಮುಗಿದದ್ದೇ ತಡ, ಸಿಡಿದರು.

‘ಗಣಿತದಾಗ ಎರಡು ಬಾಜೂ ಸಮ ಅಂದ್ರ ಸಾಬೀತು ಮಾಡಿ ತೋರಸಬೇಕ್ರಿ. ಈ ಮನಿ ದುಃಖ, ಆ ಮನಿ ದುಃಖ ಸಮ ಅಂತ ನೀವು ಹ್ಯಾಂಗ ಹೇಳ್ತೀರಿ?’

‘ಸಮ ಅಂತ ನಾ ಎಲ್ಲಿ ಹೇಳಿದೆ ಸರ್? ಎರಡೂ ಕೇಳ್ರಿ ಅಂತೀನಿ, ಅಷ್ಟ. ತೂಗೋದು ಹುಡುಗರಿಗಿ ಬಿಟ್ಟದ್ದು.’

ಬಹಳ ಹೊತ್ತು ಜಗಳವಾಡಿದೆವು. ಕೊನೆಗೆ ಅವರು ಕಿಟಕಿಯ ಕಡೆ ಮುಖ ಮಾಡಿ, ‘ನಮ್ಮಜ್ಜ ಆ ಗದ್ದಲದಾಗ ಹ್ವಾದ. ನಮ್ಮಪ್ಪ ಇನ್ನೂ ಸಣ್ಣ ಹುಡುಗ. ಮುಂದ ಕೇಳಬ್ಯಾಡ್ರಿ’ ಎಂದರು. ಇಂಥವರನ್ನು ನನ್ನ ಪಾಠಕ್ಕೆ ವಕಾಲತ್ತು ಮಾಡಲು ಕಳಿಸುವುದೇ? ‘ಬ್ಯಾಡ ಬಿಡ್ರಿ ಸರ್, ಬ್ಯಾರೆ ಯಾರನ್ನರ ಕಳಸ್ರಿ’ ಎಂದೆ. ಅವರಿಗೆ ಸಿಟ್ಟೇ ಬಂತು.

‘ತನಗ ಒಪ್ಪಿದ ಪಾಠಕ್ಕ ಯಾವನರ ನಿಲ್ತಾನ್ರಿ. ಹುಡುಗರು ಏನ ಕೇಳಬೇಕು, ಏನ ಬಿಡಬೇಕು ಅಂತ ನಿಮ್ಮ ಮಂಡಳಿ ಅಧ್ಯಕ್ಷರು ತಮ್ಮ ತೊಗರಿ ಗೋದಾಮಿನಾಗ ಕುಂತು ಠರಾಸ್ತಾರೇನು? ನಾನೇ ಬರ್ತೀನಿ.’

ಆ ದಿನ ಅವರು ಏನೂ ತಿನ್ನದೆ ಬಸ್ಸು ಹತ್ತಿದರು.

ವಿಚಾರಣೆಯ ದಿನ ಬೆಳಿಗ್ಗೆ ನನಗೆ ತಾಕೀತು ಮಾಡಿದ್ದರು: ಕೇಳಿದಷ್ಟಕ್ಕೆ ಉತ್ತರ ಕೊಡಬೇಕು, ತಿರುಗಿ ಪ್ರಶ್ನೆ ಕೇಳಬಾರದು. ಮಂಡಳಿಯ ಅಧ್ಯಕ್ಷರು ತೊಗರಿಯ ದೊಡ್ಡ ವ್ಯಾಪಾರಿ, ಮಾತು ಕಡಿಮೆ. ಪಕ್ಕದಲ್ಲಿ ಮಂಡಳಿಯ ವಕೀಲರು. ಅಧ್ಯಕ್ಷರು ಕನ್ನಡಕ ಏರಿಸಿ, ‘ಅಲ್ರಿ ಸರ್, ಹುಡುಗರಿಗಿ ನೀವು ಅಂಥಾದ್ದು ಏನ ಕೇಳ್ತೀರಿ?’ ಎಂದರು.

ಹಾಳು ಅಭ್ಯಾಸ ನೋಡಿ! ಇಪ್ಪತ್ತು ವರ್ಷ ಕ್ಲಾಸಿನಲ್ಲಿ ನಿಂತ ಬಾಯಿ. ‘ಆ ವರ್ಷ ನಿಮ್ಮ ಮನಿಯವ್ರು ಎಲ್ಲಿದ್ರು ಅಂತ ಕೇಳ್ತೀನ್ರಿ’ ಎಂದವನು ಅಲ್ಲಿಗೇ ನಿಲ್ಲಿಸಬೇಕಿತ್ತು. ‘ನಿಮ್ಮ ಮನಿಯವ್ರು ಎಲ್ಲಿದ್ರು ಸಾಹೇಬ್ರ?’ ಎಂದುಬಿಟ್ಟೆ. ಮೇಜಿನ ಕೆಳಗೆ ಕಾಶಪ್ಪ ಸರ್ ನನ್ನ ಕಾಲು ತುಳಿದ ನೋವು ಒಂದು ವಾರ ಇತ್ತು.

ಅಧ್ಯಕ್ಷರು ಬಯ್ಯುತ್ತಾರೆಂದು ಕಾದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನಮ್ಮವ್ವ ಆವಾಗ ಸಣ್ಣ ಕೂಸು. ನಮ್ಮಜ್ಜಿ ಆಕಿನ್ನ ಎತ್ಕೊಂಡು ಬಾಜೂ ಮನಿ ಹಗೇದಾಗ ಕುಂತಿದ್ಳಂತ. ಬಾಜೂದವ್ರು ಮುಸಲ್ಮಾನ್ರು. ಹಗೇದ ಬಾಯಿ ಮುಚ್ಚಿ ಮ್ಯಾಲ ಜ್ವಾಳದ ಚೀಲ ಒಟ್ಟಿದ್ರಂತ...’ ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಅದರಲ್ಲಿ ಉಸಿರಾಡುವುದೇ ಕಷ್ಟ. ಅಷ್ಟು ಹೇಳಿ ಅವರು ನೀರು ಕುಡಿದರು.

ವಕೀಲರು ಕೆಮ್ಮಿದರು. ‘ಇದೇ ನೋಡ್ರಿ ತಕರಾರು. ಕುಂತ ಜಾಗಾದಾಗ ಹಳೇದೆಲ್ಲಾ ತಗೀತಾರ. ಕಳ್ಕೊಂಡ ಮನಿಯವ್ರಿಗಿ ಎಷ್ಟು ನೋವಾಗ್ತದ, ಯಾರ ಇಚಾರ ಮಾಡ್ಯಾರ?’

ಕಾಶಪ್ಪ ಸರ್ ಎದ್ದು ನಿಂತರು.

‘ಕಳ್ಕೊಂಡ ಮನಿಯವ್ನು ನಾ ಇಲ್ಲೇ ಅದೀನ್ರಿ, ನನಗ ಕೇಳ್ರಿ. ಈ ಪಾಠ ನಾ ಪೂರಾ ಕುಂತು ಕೇಳೀನಿ. ನನಗ ಸೇರಿಲ್ಲ. ನೋವೂ ಆಗ್ಯದ. ಇವ್ರ ಕೂಡ ಜಗಳಾ ಆಡೀನಿ. ಇವ್ರು ನನ್ನ ಬಾಯಿ ಮುಚ್ಚಸಲಿಲ್ಲ, ಪೂರಾ ಕೇಳಿದ್ರು, ಆಮ್ಯಾಲ ಜವಾಬು ಕೊಟ್ರು. ಹುಡುಗರಿಗೂ ಕ್ಲಾಸಿನಾಗ ಅದೇ ಸಿಗಾಕತ್ತದ. ಇದಕ್ಕಿಂತ ಹೆಚ್ಚಿಂದು ನಾವು ಮಾಸ್ತರು ಏನ ಕೊಡಬೇಕ್ರಿ? ನನಗ ಸೇರಲಿಲ್ಲ ಅಂತ ಇವತ್ತ ಇವ್ರ ಪಾಠ ನಿಲ್ಲಸಿದ್ರ ನಾಳಿ ಯಾರಿಗರ ನನ್ನ ಗಣಿತ ಸೇರಂಗಿಲ್ಲ. ಅದು ಹ್ಯಾಂಗೂ ಯಾರಿಗೂ ಸೇರಂಗಿಲ್ಲ, ಆ ಮಾತು ಬ್ಯಾರೆ.’

ಅಧ್ಯಕ್ಷರ ತುಟಿ ಒಂದಿಷ್ಟು ಸಡಿಲಾಯಿತು. ನಮ್ಮನ್ನು ಹೊರಗೆ ಕೂರಿಸಿ ಮತ್ತೆ ಕರೆದರು. ನೋಟಿಸು ವಾಪಸು, ಪಾಠ ಇರಲಿ, ಆದರೆ ಅದಕ್ಕೆ ಮೊದಲು ಪ್ರಾಂಶುಪಾಲರಿಗೆ ತಿಳಿಸಬೇಕು. ನಾನು ಇವತ್ತಿಗೂ ತಿಳಿಸುತ್ತೇನೆ. ಎಷ್ಟೋ ಪ್ರಾಂಶುಪಾಲರು ಬದಲಾದರು. ಎಲ್ಲರೂ ‘ಆಯ್ತ್ರಿ’ ಎಂದು ತಲೆ ಎತ್ತದೆ ಹೇಳುತ್ತಾರೆ.

ಆ ದಿನ ಹೊರಗೆ ಬಂದು ಕಾಶಪ್ಪ ಸರ್ ಅವರ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಂಡು, ‘ಪಾಠ ಇನ್ನೂ ಸೇರಿಲ್ಲ ನೋಡ್ರಿ’ ಎಂದು ಬಸ್ಸಿಗೆ ಓಡಿದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ದೇವರಿಗೆ ದೀಪ ಹಚ್ಚಿ, ಅಲ್ಲಿಂದಲೇ, ‘ಮುಂದಿನ ಎಲೆಕ್ಷನ್ನಿಗಿ ಅವ್ರಿಗೇ ವೋಟ್ ಹಾಕ್ರಿ’ ಎಂದಳು. ಹಾಕಿದೆ. ಇಂಥ ಋಣಕ್ಕೆ ಒಂದು ವೋಟು ಏನು ಸಾಟಿ? ಆ ಪಾಠ ಉಳಿದದ್ದರಿಂದಲೇ ನಾನು ಮಾಸ್ತರನಾಗಿ ಉಳಿದೆ ಎಂದು ನನಗೆ ಅನ್ನಿಸುತ್ತದೆ.

ಈಗ ಆ ವರ್ಷವನ್ನು ಕಣ್ಣಾರೆ ಕಂಡವರು ಕಡಿಮೆ, ಅವರಿಂದ ಕೇಳಿದವರು ಇದ್ದಾರೆ. ಕಳೆದ ವಾರ ತಬಸ್ಸುಮ್ ಎಂಬ ಹುಡುಗಿ ಕ್ಲಾಸಿನಲ್ಲಿ ಎದ್ದು ನಿಂತು ಓದಿದಳು. ಹುಮನಾಬಾದಿನಲ್ಲಿ ಅವಳ ಮನೆಯ ಹಿಂದಿನ ಓಣಿಯಲ್ಲಿ ರಿಟೈರಾದ ಗಣಿತದ ಮಾಸ್ತರೊಬ್ಬರಿದ್ದಾರಂತೆ, ಅವರನ್ನು ಕೇಳಿದಳಂತೆ. ಅವರ ಅಜ್ಜ ಹೊಲದಿಂದ ಮನೆಗೆ ಬರುವಾಗ ದಾರಿಯಲ್ಲಿ ತೀರಿಹೋದದ್ದು, ಅಜ್ಜಿ ಅವನ ರುಮಾಲನ್ನು ಕೊನೆಯ ತನಕ ಒಗೆಯದೆ ಇಟ್ಟದ್ದು, ಎಲ್ಲ ಬರೆದಿದ್ದಳು. ಆಮೇಲೆ ಆ ಮಾಸ್ತರು ಅವಳನ್ನು ಕೂರಿಸಿಕೊಂಡು ಅವಳ ಅಜ್ಜಿಯ ಕಥೆಯನ್ನೂ ಕೇಳಿದರಂತೆ. ಅಷ್ಟರಲ್ಲಿ ಚಹಾ ಆರಿಹೋಗಿತ್ತಂತೆ. ನಾನು ಬೋರ್ಡಿನ ಕಡೆ ತಿರುಗಿ ನಿಂತೆ. ಹುಡುಗರ ಎದುರು ಅಳಬಾರದೆಂಬ ಒಂದು ಹಟ ನನಗಿದೆ.

ಅದಕ್ಕೇ ಮೊನ್ನೆ ಹೋದೆ. ಕಾಶಪ್ಪ ಸರ್ ಮನೆಯ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ವಯಸ್ಸಾಗಿದೆ, ದನಿ ಮಾತ್ರ ಹಾಗೇ ಇದೆ. ‘ಉಪಕಾರ ಹೇಳಾಕ ಬಂದಿದ್ರ ಹೊಳ್ಳಿ ಹೋಗ್ರಿ’ ಎಂದು ನಕ್ಕು ಕೂರಿಸಿದರು. ಒಳಗಿಂದ ಚಹಾ ಬಂತು. ಅವರೇ ಮಾತು ತೆಗೆದರು.

‘ನಮ್ಮ ಕಥಿ ನಿಮ್ಮ ಹುಡುಗಿ ತಗೊಂಡು ಹ್ವಾದ್ಲು. ಅಧ್ಯಕ್ಷರ ಕಥಿ ನೀವೇ ಕೇಳಿದ್ರಿ. ಊರ ಮಂದಿಗೆಲ್ಲಾ ಕೇಳ್ತೀರಿ. ಅಲ್ರಿ ಸರ್, ನಿಮ್ಮ ಮನ್ಯಾಗ ಏನಾಗಿತ್ತು?’

ಇಷ್ಟು ವರ್ಷದಲ್ಲಿ ಈ ಮಾತನ್ನು ನನಗೆ ಯಾರೂ ಕೇಳಿರಲಿಲ್ಲ. ಹುಡುಗರು ಕೇಳಲಿಲ್ಲ, ಹೆಂಡತಿ ಕೇಳಲಿಲ್ಲ. ನೌಕರಿ ಹೋಗುವ ಹೊತ್ತಿನಲ್ಲೂ, ಈ ಪಾಠಕ್ಕೆ ನೀನು ಯಾಕೆ ಹೀಗೆ ಜೋತುಬಿದ್ದೆ ಎಂದು ಯಾರೂ ಕೇಳಲಿಲ್ಲ. ಚಹಾದ ಕಪ್ಪನ್ನು ಕೆಳಗಿಟ್ಟೆ.

‘ಬಾಜೂ ಮನಿಯವ್ರು ನಮ್ಮ ಬಾಗಲಾ ಬಡದಿದ್ರಂತ್ರಿ ಸರ್’ ಎಂದೆ. ‘ಕೂಸಿನ್ನ ಎತ್ಕೊಂಡು ಬಂದಿದ್ರಂತ. ನಮ್ಮಜ್ಜ ಬಾಗಲಾ ತಗೀಲಿಲ್ಲ.’

ಕಾಶಪ್ಪ ಸರ್ ತಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

‘ಹೇಳ್ರಿ. ನಾ ಕೇಳಾಕತ್ತೀನಿ.’