ರೋಹಿಣಿಯ ಫೋಟೊ ರಿಪೇರಿ

ನಮ್ಮ ಬೆಳಕೆ ಊರಿನಲ್ಲಿ ಯಾರ ಮನೆಯ ಪ್ರಿಂಟರ್ ಮುನಿಸಿಕೊಂಡರೂ ಮೊದಲ ಫೋನು ಹೋಗುವುದು ನನ್ನ ಪಕ್ಕದ ಮನೆಯ ರೋಹಿಣಿಗೆ. ಭಟ್ಕಳ ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟಿನಲ್ಲಿ ಬಿಲ್ಲು ಮಾಡುವ ಹುಡುಗಿ. ಹುಡುಗಿ ಅಂದೆ, ಮೂವತ್ತು ದಾಟಿದೆ. ಮದುವೆಯಾಗುವ ತನಕ ನಮ್ಮೂರಲ್ಲಿ ಎಲ್ಲರೂ ಹುಡುಗಿಯರೇ. "ಕೇಬಲ್ ಕಿತ್ತು ಮತ್ತೆ ಹಾಕಿ. ಹಳೇ ಪ್ರಿಂಟೆಲ್ಲ ಒಳಗೆ ಸಾಲುಗಟ್ಟಿ ನಿಂತಿರ್ತದೆ, ಅದನ್ನ ಮೊದ್ಲು ಅಳ್ಸಿ. ಈಗ ಬಂತಾ?" ಎಂದು ಉಣ್ಣುತ್ತಲೇ ಫೋನಿನಲ್ಲಿ ಹೇಳಿಕೊಡುತ್ತಾಳೆ. ಮಳೆಗಾಲದಲ್ಲಿ ನಮ್ಮ ಕಡಲ ಗಾಳಿಗೆ ಕಾಗದ ಮೆತ್ತಗಾಗಿ ಮಷೀನಿನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ನೋಡಿ, ಅದಕ್ಕೆ ಅವಳು ಕಾಗದದ ಕಟ್ಟನ್ನು ಅಕ್ಕಿ ಡ್ರಮ್ಮಿನಲ್ಲಿ ಹೂತಿಡುತ್ತಿದ್ದಳು. ಅವಳ ಅಮ್ಮ ಗಂಗಿ ಅನ್ನಕ್ಕೆ ಅಕ್ಕಿ ತೆಗೆಯುವಾಗೆಲ್ಲ ಬೈಯುತ್ತಿದ್ದಳು. ಈಗ ಕೇರಿಯಲ್ಲಿ ಎಲ್ಲರೂ ಹಾಗೇ ಇಡುತ್ತಾರೆ.

ನಾನು ಗಾಯತ್ರಿ, ಬ್ಲೌಸ್ ಹೊಲಿಯುವವಳು. ನನ್ನ ಬಾಯಿ ಜೋರು ಅಂತ ಊರವರು ಹೇಳುತ್ತಾರೆ, ಹೇಳಲಿ. ರೋಹಿಣಿಯ ವಿಷಯವನ್ನು ಮೆತ್ತಗೆ ಹೇಳುವುದು ನನ್ನಿಂದ ಆಗುವ ಕೆಲಸವಲ್ಲ. ಅವಳು ಕಪ್ಪು. ಹುಟ್ಟಿದ ದಿನವೇ ಅವಳ ಅಜ್ಜಿ, "ದೀಪ ತಕಂಡ್ ಬನ್ನಿ, ಶಿಶು ಎಲ್ಲಿದೆ ಅಂತ ಕಾಣೂದಿಲ್ಲ" ಅಂದಿದ್ದಳಂತೆ. ಆ ಮಾತನ್ನು ಗಂಗಿ ಇವತ್ತಿಗೂ ಬಂದವರೆದುರು ನಕ್ಕು ಹೇಳುತ್ತಾಳೆ. ತಾಯಿಯೋ ಅವಳು! ಅಪ್ಪ ಸತ್ತ ಮೇಲೆ ಮನೆ ನಡೆದದ್ದು ರೋಹಿಣಿಯ ಸಂಬಳದಲ್ಲಿ. ಅಣ್ಣ ಪ್ರಮೋದನ ಮದುವೆ ಆದದ್ದೂ ಅದರಲ್ಲೇ. ಕಂಪ್ಯೂಟರು, ಪ್ರಿಂಟರು ತಂದದ್ದೂ ಅವಳೇ. ಅವಳನ್ನು ನೋಡಲು ಬಂದು ಚಹಾ ಕುಡಿದು, "ಮನೆಗೆ ಹೋಗಿ ತಿಳಿಸ್ತೇವೆ" ಎಂದು ಹೋದವರು ಬೇಕಾದಷ್ಟು ಮಂದಿ. ಯಾರೂ ತಿಳಿಸಲಿಲ್ಲ.

ಹೋದ ವರ್ಷ ಹೊನ್ನಾವರದ ಸುಜಯ ಎಂಬವನು ತನ್ನ ಸೋದರಮಾವನ ಬೋಟಿನ ಐಸ್ ಬಿಲ್ಲಿಗೆಂದು ಪ್ಲಾಂಟಿಗೆ ಬಂದ. ಅವತ್ತು ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸುವ ತನಕ ಅವನು ಅವಳ ಎದುರಿನ ಕುರ್ಚಿಯಲ್ಲಿ ಕೂತು ಹರಟಿದ. ಆಮೇಲೆ ಬಿಲ್ಲಿಲ್ಲದಿದ್ದರೂ ಬಂದ. ಆಮೇಲೆ ಫೋನು. ಇದನ್ನೆಲ್ಲ ಅವಳು ಹೇಳಿದ್ದು ನನ್ನೊಬ್ಬಳಿಗೆ. "ಗಾಯತ್ರಕ್ಕ, ಮಧ್ಯಾಹ್ನದ ಬಿಸಿಲಲ್ಲಿ, ಕಿಟಕಿ ಪಕ್ಕ ಕೂತು ನನ್ನ ಮುಖ ನೋಡ್ಕಂಡೇ ಮಾತಾಡ್ದ ಅವ" ಅಂದಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅವಳಿಗೆ ಅವನು ಬೇಕಿತ್ತು, ಬೇರೆ ಏನೂ ಬೇಕಿರಲಿಲ್ಲ.

ಆದರೆ ಅವನ ಅಮ್ಮನಿಗೆ ಇವರ ಮಾತುಕತೆ ಗೊತ್ತಾಗಬಾರದಂತೆ. ಪ್ರೀತಿ ಗೀತಿ ಅಂದರೆ ಮನೆ ಹಾರಿಹೋಗುವ ಹಾಗೆ ಕೂಗುತ್ತಾಳಂತೆ. ಅದಕ್ಕೆ ಸುಜಯ ಉಪಾಯ ಮಾಡಿದ. ಮದುವೆ ದಲ್ಲಾಳಿ ಹಮ್ಮನ ಕೈಯಲ್ಲಿ ಸಂಬಂಧ ಕೇಳಿಸಿದ. ಹಮ್ಮ ಬಂದವನೇ ಜಗಲಿಯಲ್ಲಿ ಕೂತು, "ಫೋಟೊ, ಜಾತಕ ಎರಡೂ ಕಾಗದದ ಮೇಲೇ ಬೇಕು. ಅವರು ದೇವರ ಹತ್ರ ಹೂವಿನ ಪ್ರಸಾದ ಕೇಳುವವರು. ದೇವರ ಮುಂದೆ ಮೊಬೈಲ್ ಇಡೂಕೆ ಆಗ್ತದಾ?" ಅಂದ. ಬಲಕ್ಕೆ ಹೂ ಬಿದ್ದರೆ ಸಂಬಂಧ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ಆತು, ಮನೆಯಲ್ಲೇ ಪ್ರಿಂಟ್ ತೆಗೆಯುವಾ ಅಂತಾಯಿತು.

ಮೊದಲ ಫೋಟೊ ಹೊರಗೆ ಬಂದದ್ದೇ ಪ್ರಮೋದ ಅದನ್ನು ಬಾಗಿಲ ಹತ್ತಿರ ಹಿಡಿದು ನೋಡಿ, "ಇದೆಂತ ಇದು! ಪ್ರಿಂಟರ್ ಹಾಳಾಗಿದೆ" ಅಂದ. ರೋಹಿಣಿ ಇಂಕು ಬೀಳುವ ಹೆಡ್ ಕ್ಲೀನ್ ಮಾಡಿದಳು. ಎರಡನೆಯದೂ ಹಾಗೇ ಬಂತು. ಇಂಕಿನ ಡಬ್ಬಿ ತೆಗೆದು ಅಲುಗಾಡಿಸಿ ಹಾಕಿದಳು. ಹೊಳೆಯುವ ಕಾಗದ ತಂದು ಹಾಕಿದಳು. ಬಣ್ಣ ಸರಿಯಾಗಿ ಬೀಳುತ್ತಿದೆಯೋ ಅಂತ ನೋಡುವ ಪರೀಕ್ಷೆಯ ಹಾಳೆ ತೆಗೆದಳು. ನೀಲಿ, ಹಳದಿ, ಗುಲಾಬಿ, ಕಪ್ಪು, ಒಂದು ಗೆರೆಯೂ ತುಂಡಾಗಿರಲಿಲ್ಲ. ಆಗಲೇ ಅವಳಿಗೆ ಗೊತ್ತಾಗಿತ್ತು. ನನಗೂ ಗೊತ್ತಾಗಿತ್ತು. ಆದರೂ ಅವಳು ಇನ್ನೊಂದು ಕಾಗದ ತುಂಬಿದಳು. "ಕಪ್ಪು ಇಂಕು ಕಡ್ಮೆ ಹೊಯ್ಯಿ" ಎಂದು ಗಂಗಿ ಅಡಿಗೆ ಮನೆಯಿಂದ ಸಾರಿಗೆ ಉಪ್ಪು ಹೇಳಿದ ಹಾಗೆ ಕೂಗಿದಳು. ಮೇಜಿನ ಮೇಲೆ ರೋಹಿಣಿಯ ಮುಖಗಳು ರಾಶಿ ಬಿದ್ದಿದ್ದವು, ಪ್ರಮೋದ ಒಂದೊಂದನ್ನೇ ಮುದ್ದೆ ಮಾಡಿ ಮೂಲೆಗೆ ಎಸೆಯುತ್ತಿದ್ದ.

ಕಡೆಗೆ ಶಿರಾಲಿಯಿಂದ ರಿಪೇರಿಯ ಉದಯನನ್ನು ಕರೆಸಿದರು. ಅವನು ಮುಚ್ಚಳ ತೆಗೆದ, ಊದಿದ, ಇರುವೆ ಕೊಡವಿದ. ಆಮೇಲೆ ಕಂಪ್ಯೂಟರಿನಲ್ಲಿದ್ದ ಪ್ರಮೋದನ ಮದುವೆಯ ಫೋಟೊ ಒಂದನ್ನು ಪ್ರಿಂಟ್ ಕೊಟ್ಟ. ಪ್ರಮೋದನ ಹೆಂಡತಿ ಹಾಲಿನ ಹಾಗೆ ಬೆಳ್ಳಗೆ ಹೊರಗೆ ಬಂದಳು. ಉದಯ ಅದನ್ನು ಎಲ್ಲರಿಗೂ ತೋರಿಸಿ, ಕೈಯಲ್ಲಿದ್ದ ಸ್ಕ್ರೂಡ್ರೈವರಿನಲ್ಲಿ ರೋಹಿಣಿಯ ಕಡೆ ಬೊಟ್ಟು ಮಾಡಿ, "ಪ್ರಿಂಟರಿಗೆ ಎಂತ ರೋಗವೂ ಇಲ್ಲ ಮಾರಾಯ್ರೆ. ಕಂಪನಿ ಪೀಸೇ ಹೀಗೆ" ಅಂದ. ಅಯ್ಯೋ, ಏನು ನಗು! ಗಂಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಪ್ರಮೋದ ಉದಯನ ಬೆನ್ನು ತಟ್ಟಿದ. ರೋಹಿಣಿಯೂ ನಕ್ಕಳು, ನಕ್ಕು ಅವನಿಗೆ ಚಹಾ ತಂದು ಕೊಟ್ಟಳು. ಆ ಚಹಾವನ್ನು ಅವನ ತಲೆ ಮೇಲೆ ಹೊಯ್ಯಬೇಕು ಅಂತ ನನಗೆ ಅನಿಸಿತ್ತು.

ಮಾರನೆ ದಿನ ಸುಜಯನ ಫೋನು ಬಂತು. ಅವಳು ನನ್ನ ಹೊಲಿಗೆ ಮಷೀನಿನ ಪಕ್ಕ ಕೂತೇ ಫೋಟೊದ ಕತೆಯನ್ನೆಲ್ಲ ಹೇಳಿದಳು, ಸ್ಪೀಕರಿನಲ್ಲಿ. "ಕಂಪ್ಯೂಟರಲ್ಲಿ ಸ್ವಲ್ಪ ಬೆಳ್ಳಗೆ ಮಾಡಿ ಪ್ರಿಂಟ್ ತೆಗೀಬಹುದಲ್ಲಾ. ನನಗಾಗಿ ಅಲ್ಲ, ನಾ ನಿನ್ನ ನೋಡಿದ್ದೆ. ಅಮ್ಮನ ಒಪ್ಸೂಕೆ ಅಷ್ಟೇ. ಎದುರು ಬಂದಾಗ ನಾ ನೋಡ್ಕಂಬೆ" ಅಂದ. ನಾ ನೋಡ್ಕಂಬೆ! ನನ್ನ ಕಿವಿಯಾರೆ ಕೇಳಿದ್ದೇನೆ. "ಬೇಡ ಕಣೆ, ಇದ್ದ ಹಾಗೇ ಕಳ್ಸು" ಅಂತ ನಾನು ಹೇಳಿದೆ. "ಅವ ಇದ್ದಾನಲ್ಲ ಅಕ್ಕ" ಅಂದಳು. ಆ ಸಂಜೆ ಮೌಸಿನಲ್ಲಿ ಬೆಳಕು ಏರಿಸಿ, ಕಪ್ಪು ಇಳಿಸಿ, ತನ್ನ ಕೈಯಾರೆ ತನ್ನ ಮುಖ ಅಳಿಸಿದಳು. ಪ್ರಿಂಟ್ ಬಂದಾಗ ಮನೆಯವರಿಗೆಲ್ಲ ಖುಷಿಯೋ ಖುಷಿ. "ಈಗ ಸಮಾ ಆತು ನೋಡು" ಅಂದ ಪ್ರಮೋದ. ದೇವರ ಮುಂದೆ ಹೂ ಬಲಕ್ಕೇ ಬಿತ್ತಂತೆ.

ಹೆಣ್ಣು ನೋಡಲು ಅವರು ಬಂದ ದಿನ ಗಂಗಿ ನನ್ನನ್ನೂ ಕರೆದಿದ್ದಳು. ಸುಜಯ ಗೋಡೆಯ ಬದಿ ಕೂತ. ರೋಹಿಣಿ ಚಹಾದ ತಟ್ಟೆ ಹಿಡಿದು ಬಂದಾಗ ಅವನ ಅಮ್ಮ ಚಹಾ ಮುಟ್ಟಲಿಲ್ಲ. "ಇಲ್ಲಿ ಬಾ, ಕಿಟಕಿ ಹತ್ರ" ಅಂದಳು. ಪರ್ಸಿನಿಂದ ಫೋಟೊ ತೆಗೆದು ರೋಹಿಣಿಯ ಕೆನ್ನೆಗೆ ತಾಗಿಸಿ ಹಿಡಿದಳು, ಸೀರೆಗೆ ಬ್ಲೌಸ್ ಪೀಸ್ ಹೊಂದುತ್ತದೋ ಅಂತ ಅಂಗಡಿಯಲ್ಲಿ ನೋಡುವ ಹಾಗೆ.

"ಇದು ಯಾರ ಫೋಟೊ?" ಎಂದು ಕೇಳಿದಳು.

"ನಮ್ಮ ಪ್ರಿಂಟರ್ ಸಮಾ ಇಲ್ಲ ಅಮ್ಮ, ಬಣ್ಣ ಹೆಚ್ಚುಕಮ್ಮಿ ಆಗ್ತದೆ" ಅಂದ ಪ್ರಮೋದ.

"ನಿಮ್ಮ ಪ್ರಿಂಟರ್ ಇಷ್ಟು ಬೆಳ್ಳಗೆ ತೊಳೀತದೆ ಅಂತಾದ್ರೆ ಇವಳನ್ನೇ ಅದರೊಳಗೆ ಹಾಕಿ ತೆಗೀಬಹುದಿತ್ತಲ್ಲ!"

ಅವರ ಕಡೆಯವರು ನಕ್ಕರು. ಪ್ರಮೋದನೂ ನಕ್ಕ, ನಾಚಿಕೆಯಿಲ್ಲದವನು. ಅವಳು ಮಗನ ಕಡೆ ತಿರುಗಿ, "ನೀ ಎಂತ ನೋಡಿ ಹೂಂ ಅಂದದ್ದು? ಇವಳನ್ನ ಮೊದ್ಲೇ ಎಲ್ಲಾದ್ರೂ ಕಂಡಿದ್ಯಾ?" ಎಂದು ಕೇಳಿದಳು. ರೋಹಿಣಿ ಆಗ ತಲೆ ಎತ್ತಿ ಅವನನ್ನು ನೋಡಿದಳು. ಅಷ್ಟು ಹೊತ್ತೂ ನೆಲ ನೋಡುತ್ತಿದ್ದವಳು.

ಸುಜಯ ಮೊಬೈಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಇಲ್ಲಮ್ಮ. ನಾ ಫೋಟೊ ಮಾತ್ರ ನೋಡಿದ್ದು. ಹೀಗೆ ಅಂತ ನಂಗೆಂತ ಗೊತ್ತು?" ಅಂದ.

ನಾನು ಎದ್ದೆ. ಅವನ ಕೊರಳಪಟ್ಟಿ ಹಿಡಿದೇ ಬಿಡುತ್ತಿದ್ದೆ. ರೋಹಿಣಿ ನನಗಿಂತ ಮೊದಲು ಬಾಯಿ ತೆಗೆದಳು: "ತಪ್ಪು ನಂದೇ. ಸೆಟ್ಟಿಂಗ್ ಮಾಡೂದ್ರಲ್ಲಿ ಹೆಚ್ಚಾತು. ಅವರಿಗೆ ಗೊತ್ತಿಲ್ಲ." ಹೇಳುತ್ತ ನನ್ನ ಮುಂಗೈ ಹಿಡಿದಿದ್ದಳು, ಅವಳ ಉಗುರಿನ ಗುರುತು ಎದ್ದಿತ್ತು.

ಅವರು ಚಹಾ ಕುಡಿಯದೆ ಹೋದರು. ಕಾರು ತಿರುಗಿದ್ದೇ ಗಂಗಿ ಮಗಳ ಬೆನ್ನಿಗೆ ಗುದ್ದಿದಳು. "ದೇವರ ಮುಂದೆ ಸುಳ್ಳು ಫೋಟೊ ಇಡ್ಸಿದ್ಯಲ್ಲೇ ಹಲ್ಕಟ್! ಯಾರು ಹೇಳಿದ್ರು ನಿಂಗೆ?" ಪ್ರಮೋದ ಹಮ್ಮನಿಗೆ ಫೋನು ಹಚ್ಚಿ, ತಂಗಿ ತಮಗೆ ಯಾರಿಗೂ ಹೇಳದೆ ಹಾಗೆ ಮಾಡಿದಳು ಅಂತ ಆಣೆ ಹಾಕುತ್ತಿದ್ದ.

ಹಿತ್ತಲಲ್ಲಿ ಅವಳು ತುಂಬಿದ ಚಹಾದ ಲೋಟಗಳನ್ನು ತೆಂಗಿನ ಬುಡಕ್ಕೆ ಚೆಲ್ಲಿ ತೊಳೆಯುತ್ತಿದ್ದಳು. ನನಗೆ ಸಿಟ್ಟು ತಡೆಯಲಿಲ್ಲ. "ಅವನೇ ಹೇಳಿದ್ದು ಅಂತ ಎಂತಕ್ಕೆ ಬಾಯಿ ಬಿಡ್ಲಿಲ್ಲ? ಕಂಡಿದ್ದಾನೆ ಅಂತ ಯಾಕೆ ಹೇಳ್ಲಿಲ್ಲ? ಆ ನಾಯಿಗೆ ಯಾಕೆ ಮರ್ಯಾದೆ ಉಳ್ಸಿದೆ?" ಎಂದು ಕೂಗಿದೆ.

ಅವಳು ಲೋಟ ಮಗುಚಿಟ್ಟಳು.

"ಅವಂದಲ್ಲ ಅಕ್ಕ, ನಂದು ಉಳ್ಸ್ಕಂಡೆ. ಕಂಡಿದ್ದ ಅಂತ ಹೇಳಿದ್ರೆ, ಕಂಡು ಮಾತಾಡಿಯೂ ಬೇಡ ಅಂದ ಅಂತ ಊರೆಲ್ಲ ಆಗ್ತದೆ. ಈಗ ಫೋಟೊ ಸಮಾ ಬರ್ಲಿಲ್ಲ ಅಂತ ಅಷ್ಟೇ ಆತು."

ನಾನು ಸೆರಗು ಸಿಕ್ಕಿಸಿ ಅವಳ ಪಕ್ಕ ಕೂತೆ. ಉಳಿದ ಲೋಟಗಳನ್ನು ಇಬ್ಬರೂ ಸೇರಿ ತೊಳೆದೆವು.